ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿ

ಶ್ರಾವಣದ ಈ ಪ್ರವಚನಕ್ಕೆ ನಿಮ್ಮಲ್ಲಿ ಕೆಲವರು ಚೀಟಿ ಬರೆದು ಪ್ರಶ್ನೆ ಕಳಿಸುತ್ತೀರಿ. ಮಾತು ಬೇರೆ ಬೇರೆಯಾದರೂ ಅವುಗಳಲ್ಲಿ ಬಹಳಷ್ಟು ಒಂದೇ ಕಡೆಗೆ ಬಂದು ನಿಲ್ಲುತ್ತವೆ. ಮನುಷ್ಯನ ಸುಖಕ್ಕೆ ರೊಕ್ಕ ದೊಡ್ಡದೋ, ನಮ್ಮವರು ಅನ್ನುವವರು ದೊಡ್ಡವರೋ?

‘ನಮ್ಮವರೇ ದೊಡ್ಡವರು’ ಎಂದು ಹೇಳಿ ಮಂಗಳ ಹಾಡುವುದು ಸುಲಭ. ಆದರೆ ಮಗುವಿಗೆ ಜ್ವರ ಏರಿದ ರಾತ್ರಿ ಆಟೋ ಬಾಡಿಗೆಗಾಗಿ ನೆರೆಮನೆಯ ಬಾಗಿಲು ತಟ್ಟಿದ ತಾಯಿ ಈ ಸಭೆಯಲ್ಲಿದ್ದಾಳೆ. ಕಂತಿನ ದಿನ ಬಂದರೆ ಎದೆ ಹೊಡೆದುಕೊಳ್ಳುವವರು ಇಲ್ಲಿದ್ದೀರಿ. ಅವರ ಮುಂದೆ ಕೂತು ರೊಕ್ಕದಲ್ಲಿ ಏನಿದೆ ಎಂದು ಹೇಳುವ ಅಧಿಕಾರ ನನಗಿಲ್ಲ, ಯಾವ ಪ್ರವಚನಕಾರನಿಗೂ ಇಲ್ಲ. 2025ರ ಆರಂಭದಲ್ಲಿ ಕಿರುಸಾಲದ ವಸೂಲಿಯವರ ಕಾಟ ತಾಳದೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಜಡಿದು ಊರು ಬಿಟ್ಟರು. ಆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹಾಗೆ ಹೋದ ಮನೆಗಳಲ್ಲಿ ಪ್ರೀತಿ ಇರಲಿಲ್ಲವೇ? ಇತ್ತು. ಸಾಲ ಹೊಸ್ತಿಲು ದಾಟಿ ಒಳಗೆ ಬಂದಾಗ ಪ್ರೀತಿಗೆ ಕೂರಲು ಜಾಗ ಉಳಿಯಲಿಲ್ಲ, ಅಷ್ಟೇ.

ಇದಕ್ಕೆ ಎದುರಾದದ್ದನ್ನೂ ನಾವು ನೋಡಿದ್ದೇವೆ. 2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ರೊಕ್ಕ ಕೊಡುವುದು ತಪ್ಪಿತು. ಅದರ ರಾಜಕಾರಣ ನನಗೆ ಬೇಡ. ಆದರೆ ತವರಿಗೆ ಹೋಗಬೇಕೆಂದರೆ ಗಂಡನ ಮುಂದೆ ಕೈಚಾಚಿ ನಿಲ್ಲಬೇಕಾಗಿದ್ದ ಹೆಂಗಸು, ಅದಾದ ಮೇಲೆ ಆಧಾರ್ ಕಾರ್ಡು ಹಿಡಿದು ಬಸ್ಸು ಹತ್ತಿ, ವರ್ಷಗಟ್ಟಲೆ ನೋಡದ ಅಕ್ಕನ ಮನೆಗೆ ಹೋಗಿ ಬಂದಳು. ಸಂಬಂಧ ಉಳಿಯಬೇಕಾದರೂ ಒಂದು ಬಸ್ ಚಾರ್ಜು ಬೇಕಾಗುತ್ತದೆ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ವಿದ್ವಾಂಸರು ಕೂಡ ಇದನ್ನು ಅಳೆದು ನೋಡಿದ್ದಾರೆ. 2010ರಲ್ಲಿ ಅಮೆರಿಕದ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಎಂಬ ಇಬ್ಬರು ಪಂಡಿತರು, ವರ್ಷಕ್ಕೆ 75 ಸಾವಿರ ಡಾಲರ್ ಆದಾಯದ ಆಚೆಗೆ ದಿನದಿನದ ಸಂತೋಷ ಹೆಚ್ಚುವುದಿಲ್ಲ ಎಂದು ಬರೆದರು. ಕೇಳಲು ಹಿತವಾದ ಮಾತು, ಊರೂರಿಗೂ ಹಬ್ಬಿತು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬವರು ಬೇರೆ ರೀತಿಯಲ್ಲಿ ಅಳೆದು, ಸಂತೋಷ ಆದಾಯದ ಜೊತೆ ಏರುತ್ತಲೇ ಹೋಗುತ್ತದೆ ಎಂದರು. ಆಗ ಕಾನೆಮನ್ ಜಗಳಕ್ಕೆ ಹೋಗಲಿಲ್ಲ. ಎದುರು ಮಾತಾಡಿದವರ ಜೊತೆಯಲ್ಲೇ ಕೂತು ಲೆಕ್ಕವನ್ನು ಮತ್ತೆ ನೋಡಿದರು. 2023ರಲ್ಲಿ ಹೊರಬಂದ ಉತ್ತರ ಹೀಗಿದೆ: ಹೆಚ್ಚಿನ ಜನರಲ್ಲಿ ಆದಾಯದ ಜೊತೆ ಸಂತೋಷ ಏರುವುದು ನಿಜ. ಆದರೆ ಎಲ್ಲರಿಗಿಂತ ಹೆಚ್ಚು ದುಃಖದಲ್ಲಿರುವ, ಸುಮಾರು ಐದರಲ್ಲಿ ಒಂದು ಪಾಲು ಜನರಿಗೆ ಒಂದು ಮಟ್ಟ ದಾಟಿದ ಮೇಲೆ ಎಷ್ಟು ರೊಕ್ಕ ಬಂದರೂ ದುಃಖ ಕಡಿಮೆಯಾಗುವುದಿಲ್ಲ. ಅಗಲಿಕೆ, ಒಡೆದ ಮನಸ್ಸು, ಖಿನ್ನತೆ ಇಂಥವನ್ನು ಸಂಬಳ ಮುಟ್ಟಲಾರದು. ಸಮಾಧಾನ ಹೇಳಬೇಕೆಂದು ಸತ್ಯವನ್ನು ಮುರಿಯಬಾರದು, ಅದಕ್ಕೇ ಇದನ್ನು ಇಷ್ಟು ಬಿಡಿಸಿ ಹೇಳಿದೆ.

ಈಗ ಕಲ್ಯಾಣಕ್ಕೆ ಬನ್ನಿ.

ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. 12ನೆಯ ಶತಮಾನದಲ್ಲಿ ಬಸವಣ್ಣನವರ ಹೆಸರು ಕೇಳಿ ಊರು ಬಿಟ್ಟು ಕಲ್ಯಾಣಕ್ಕೆ ನಡೆದು ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಆ ಅಕ್ಕಿಯಲ್ಲಿ ಲಕ್ಕಮ್ಮ ಅಡಿಗೆ ಮಾಡುವಳು, ಜಂಗಮರಿಗೆ ದಾಸೋಹ ನಡೆಯುವುದು, ಉಳಿದದ್ದನ್ನು ಗಂಡಹೆಂಡಿರು ಪ್ರಸಾದವೆಂದು ಉಣ್ಣುವರು. ಇವರ ನಿಷ್ಠೆಯನ್ನು ಪರೀಕ್ಷಿಸಬೇಕೆಂದು ಬಸವಣ್ಣನವರು ಒಂದು ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಬೀಳುವಂತೆ ಮಾಡಿದರಂತೆ. ಮಾರಯ್ಯ ಎಂದಿನಂತೆ ಬಗ್ಗಿ ಆಯ್ದ. ಗಂಟು ದೊಡ್ಡದಾಯಿತು. ಹೊತ್ತು ಮನೆಗೆ ತಂದ.

ಲಕ್ಕಮ್ಮ ಗಂಟು ಬಿಚ್ಚಿದಳು. ಇಲ್ಲಿ ಸ್ವಲ್ಪ ನಿಲ್ಲೋಣ. ದಿನಾ ಅಡಿಗೆ ಮಾಡುವ ತಾಯಂದಿರಿಗೆ ಅಕ್ಕಿ ಅಳೆಯಲು ಪಾವು, ಸೇರು ಬೇಕಾಗುವುದಿಲ್ಲ. ಬುಟ್ಟಿಯೊಳಗೆ ಕೈ ಹಾಕಿದರೆ ಎಷ್ಟು ಮಂದಿಗೆ ಆಗುತ್ತದೆ ಎಂದು ಅಂಗೈಗೇ ಗೊತ್ತಾಗುತ್ತದೆ. ಮೊರಕ್ಕೆ ಸುರಿದಾಗ ಬರುವ ಸದ್ದೇ ಸಾಕು. ಇದು ದಿನದ ಅಕ್ಕಿಯಲ್ಲ, ಹೆಚ್ಚಿದೆ ಎಂದು ಲಕ್ಕಮ್ಮನಿಗೆ ತಿಳಿಯಿತು. ಈ ಹೆಚ್ಚಳ ಎಲ್ಲಿಂದ ಬಂತು, ನಿಮ್ಮ ಮನಸ್ಸಿನಿಂದಲೋ, ಬಸವಣ್ಣನ ಸಂಶಯದಿಂದಲೋ ಎಂದು ಗಂಡನನ್ನು ಕೇಳಿದಳು. ನಮಗೆ ದಿನದಷ್ಟೇ ಸಾಕು, ಹೆಚ್ಚಿನದನ್ನು ಎಲ್ಲಿ ಆಯ್ದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದಳು. ಮಾರಯ್ಯ ಹೋಗಿ ಸುರಿದು ಬಂದ.

ಈ ಕಥೆಯನ್ನು ನೀವು ಚಿಕ್ಕಂದಿನಿಂದ ಕೇಳಿದ್ದೀರಿ. ದುರಾಸೆ ಬೇಡ ಎನ್ನುವುದಕ್ಕೆ ಇದನ್ನು ಹೇಳುತ್ತಾರೆ, ಅದು ಸರಿಯೇ. ಆದರೆ ಆ ಅಕ್ಕಿ ಕದ್ದದ್ದಾಗಿರಲಿಲ್ಲ. ಚೆಲ್ಲಿದ್ದು, ಆಯ್ದದ್ದು, ಮಾರಯ್ಯನ ಕಾಯಕಕ್ಕೆ ಸಲ್ಲುವಂಥದ್ದೇ. ಮನೆಯಲ್ಲಿ ಕಣಜವೇನೂ ತುಂಬಿ ನಿಂತಿರಲಿಲ್ಲ. ನಾಳೆಗೆ ಇರಲಿ ಎಂದು ಎತ್ತಿಟ್ಟಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಇಷ್ಟಾದರೂ ಗಂಡ ಬೆವರು ಸುರಿಸಿ ಹೊತ್ತು ತಂದದ್ದನ್ನು ಹೆಂಡತಿ ‘ಸಾಕು, ಹಿಂದಕ್ಕೆ ಕೊಟ್ಟು ಬನ್ನಿ’ ಎಂದಳು. ಆ ಮನೆಯಲ್ಲಿ ಹಾಗೆ ಹೇಳುವ ಹಕ್ಕು ಅವಳಿಗಿತ್ತು. ಕೇಳುವ ಕಿವಿ ಅವನಿಗಿತ್ತು. ದುಡಿದು ತಂದವನು ನಾನು, ನೀನು ಯಾರು ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ನಾನು ಇವತ್ತು ಹೇಳಬೇಕೆಂದದ್ದು ಇದೇ. ರೊಕ್ಕ ಒಂದು ತಟ್ಟೆಯಲ್ಲಿ, ನಮ್ಮವರು ಇನ್ನೊಂದು ತಟ್ಟೆಯಲ್ಲಿ ಎಂದು ತೂಗಿ ನೋಡುವುದರಿಂದ ಏನೂ ಸಿಗದು. ಯಾವ ಮನೆಯಲ್ಲಿ ರೊಕ್ಕದ ವಿಷಯವನ್ನು ಒಬ್ಬರ ಮುಂದೆ ಒಬ್ಬರು ಭಯವಿಲ್ಲದೆ ಬಿಚ್ಚಿ ಮಾತಾಡಬಲ್ಲರೋ, ‘ಬೇಕು’ ಅನ್ನಬಲ್ಲರೋ, ‘ಸಾಕು’ ಅನ್ನಬಲ್ಲರೋ, ಆ ಮನೆಯಲ್ಲಿ ಸುಖ ಇರುತ್ತದೆ. ಅಂಥ ಮನೆಗೆ ರೊಕ್ಕ ಕಡಿಮೆ ಬಂದರೂ ಅದು ಕೆಲಸಕ್ಕೆ ಬರುತ್ತದೆ. ಮಾತೇ ಇಲ್ಲದ ಮನೆಗೆ ಎಷ್ಟು ಬಂದರೂ ಅದು ಗುಟ್ಟಾಗುತ್ತದೆ, ಆಮೇಲೆ ಜಗಳವಾಗುತ್ತದೆ.

ಶರಣರು ರೊಕ್ಕ ಗೊತ್ತಿಲ್ಲದವರೆಂದು ತಿಳಿಯಬೇಡಿ. ಬಸವಣ್ಣನವರು ಅರಸ ಬಿಜ್ಜಳನ ಭಂಡಾರಿ. ರಾಜ್ಯದ ಲೆಕ್ಕ ನೋಡುತ್ತಿದ್ದವರು. ಮೋಳಿಗೆ ಮಾರಯ್ಯ ಕಾಶ್ಮೀರದ ಅರಸನಾಗಿದ್ದವನು, ರಾಣಿ ಮಹಾದೇವಿಯೊಂದಿಗೆ ಸಿಂಹಾಸನ ಬಿಟ್ಟು ಬಂದು ಕಲ್ಯಾಣದಲ್ಲಿ ಸೌದೆ ಹೊರೆ ಮಾರಿದ ಎಂದು ಪರಂಪರೆ ಹೇಳುತ್ತದೆ. ಭಂಡಾರ ಕಂಡವರು, ರಾಜ್ಯ ಕಂಡವರು, ಅಂಗಳದ ಅಕ್ಕಿ ಆಯುವವರು ಒಂದೇ ಸಾಲಿನಲ್ಲಿ ಕೂತದ್ದು ಅನುಭವ ಮಂಟಪ. ಲಕ್ಕಮ್ಮನ ಬಾಯಿಗೆ ಆ ಬಲ ಬಂದದ್ದು ಅಲ್ಲಿಂದ. ಗಂಡ ಆಯ್ದಕ್ಕಿ ಮಾರಯ್ಯ ಶರಣರ ಗೋಷ್ಠಿಯಲ್ಲಿ ಮೈಮರೆತು ಕೂತಾಗ ‘ಕಾಯಕ ನಿಂತಿದೆ, ಏಳಿ’ ಎಂದು ಎಬ್ಬಿಸಿದವಳೂ ಅವಳೇ. ಒಂದು ದಿನ ಕಡಿಮೆ ಸಾಲದು ಎಂದಳು, ಇನ್ನೊಂದು ದಿನ ಹೆಚ್ಚು ಬೇಡ ಎಂದಳು. ಮನೆಯ ಅಳತೆ ಅವಳಿಗೆ ಗೊತ್ತಿತ್ತು. ಅವಳ ವಚನಗಳನ್ನು ಓದಿ ನೋಡಿ, ಎಲ್ಲಿಯೂ ಅಳುಕಿಲ್ಲ.

ನಮ್ಮ ಮನೆಗಳಲ್ಲಿ ಹೇಗಿದೆ? ಸಾಲ ಇದೆ ಎಂದು ಹೆಂಡತಿಗೆ ಗೊತ್ತಾಗುವುದು ನೋಟಿಸು ಬಾಗಿಲಿಗೆ ಬಂದಾಗ. ಬೋರು ಕೊರೆಸಲು ತಂದದ್ದೆಷ್ಟು, ಅಡತಿ ಅಂಗಡಿಯಲ್ಲಿ ಎತ್ತಿದ್ದೆಷ್ಟು, ಕೈಗಡ ಎಷ್ಟು, ಒಂದೂ ಅವಳ ಕಿವಿಗೆ ಬಿದ್ದಿರುವುದಿಲ್ಲ. ಜೀವ ಕಳೆದುಕೊಂಡ ರೈತನ ಮನೆಗೆ ಸಾಂತ್ವನ ಹೇಳಲು ಹೋದಾಗ ನಾನು ಮತ್ತೆ ಮತ್ತೆ ಕೇಳಿದ ಮಾತು ಒಂದು. ಗೋಡೆಗೆ ಒರಗಿ ಕೂತ ಹೆಣ್ಣುಮಗಳು ಅತ್ತು ಅತ್ತು ದನಿ ಒಣಗಿದ ಮೇಲೆ, ‘ಇಷ್ಟ ಸಾಲ ಐತಿ ಅಂತ ನನಗೊಂದ ಮಾತ ಹೇಳಿದ್ರ ಆಗತಿತ್ತಲ್ರೀ’ ಅನ್ನುತ್ತಾಳೆ. ಹೇಳಿದ್ದರೆ ಸಾಲ ತೀರುತ್ತಿತ್ತೇ? ಒಂದೇ ದಿನದಲ್ಲಿ ತೀರುತ್ತಿರಲಿಲ್ಲ. ಆದರೆ ಹೊರೆ ಇಬ್ಬರ ಹೆಗಲಿಗೆ ಬರುತ್ತಿತ್ತು. ಓಲೆ ಮಾರೋಣ, ಎಮ್ಮೆ ಮಾರೋಣ, ಮಗಳ ಮದುವೆ ಈ ವರ್ಷ ಬೇಡ ಎಂದು ಅವಳು ಹೇಳುತ್ತಿದ್ದಳು. ಗಂಡಸು ಮನೆಯವರಿಂದ ಸಾಲ ಮುಚ್ಚಿಡುವುದು ಅವರ ಮೇಲಿನ ಪ್ರೀತಿಯಿಂದಲೇ, ಅವರಿಗೇಕೆ ಚಿಂತೆ ಎಂದು. ನಾನು ಆ ಪ್ರೀತಿಯನ್ನು ಅನುಮಾನಿಸುವುದಿಲ್ಲ. ಆದರೆ ಅದು ಮನುಷ್ಯನನ್ನು ಕತ್ತಲೆಯಲ್ಲಿ ಒಂಟಿಯಾಗಿ ನಿಲ್ಲಿಸುತ್ತದೆ.

ಮದುವೆಯ ಮಾತು ಬಂತು. ಹೊಲ ಅಡವಿಟ್ಟು ಕಲ್ಯಾಣ ಮಂಟಪ ಹಿಡಿಯುವಾಗ, ಊಟಕ್ಕೆ ಐದು ಬಗೆಯ ಸಿಹಿ ಎಂದು ಬರೆಸುವಾಗ, ಮನೆಯಲ್ಲಿ ಒಬ್ಬರಾದರೂ ಸಾಕು ಎಂದರೇ? ಎಷ್ಟೋ ಮನೆಗಳಲ್ಲಿ ಅಂದಿರುತ್ತಾರೆ. ಮದುವೆಯಾಗಬೇಕಾದ ಹುಡುಗಿಯೇ ಅಂದಿರುತ್ತಾಳೆ. ಮಂದಿ ಏನಂದಾರು ಎಂಬ ಮಾತಿನ ಮುಂದೆ ಅವಳ ಮಾತು ನಡೆಯುವುದಿಲ್ಲ. ಆ ಮಂದಿ ಉಂಡು ಕೈತೊಳೆದು ಹೋಗುತ್ತಾರೆ. ಬಡ್ಡಿ ಕಟ್ಟಲು ಅವರು ಬರುವುದಿಲ್ಲ.

ನಮ್ಮವರು ಅನ್ನುವವರ ಬೆಲೆಯನ್ನೂ ಅಳೆದು ನೋಡಿದವರಿದ್ದಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಇಂದಿಗೂ ನಡೆದಿದೆ. ಅದೇ ಕಾಲೇಜಿನ 268 ವಿದ್ಯಾರ್ಥಿಗಳು, ಬಾಸ್ಟನ್ ನಗರದ ಬಡ ಕೇರಿಗಳ 456 ಹುಡುಗರು, ಒಟ್ಟು 724 ಮಂದಿಯ ಇಡೀ ಬದುಕನ್ನು ಹಿಂಬಾಲಿಸಿದರು. ಆರಂಭದಲ್ಲಿ ಗಂಡಸರು ಮಾತ್ರ; ಆಮೇಲೆ ಅವರ ಹೆಂಡಿರು ಮಕ್ಕಳೂ ಸೇರಿದರು. ಸಿರಿವಂತರೂ ಬಡವರೂ ಇದ್ದ ಆ ಗುಂಪಿನಲ್ಲಿ ಎಂಬತ್ತರ ವಯಸ್ಸಿಗೆ ಆರೋಗ್ಯವಾಗಿ ಉಳಿದವರು ಯಾರು ಎಂದು ನೋಡಿದಾಗ, ಐವತ್ತರಲ್ಲಿ ಅವರ ರಕ್ತದ ಕೊಲೆಸ್ಟ್ರಾಲ್ ಎಷ್ಟಿತ್ತು ಎನ್ನುವುದಕ್ಕಿಂತ, ತಮ್ಮವರ ಜೊತೆ ಎಷ್ಟು ನೆಮ್ಮದಿಯಿಂದ ಇದ್ದರು ಎನ್ನುವುದು ಹೆಚ್ಚು ಸರಿಯಾಗಿ ಹೇಳಿತು. ಈಗ ಅದನ್ನು ನಡೆಸುತ್ತಿರುವ ರಾಬರ್ಟ್ ವಾಲ್ಡಿಂಗರ್ ಹೋದಲ್ಲೆಲ್ಲ ಇದನ್ನೇ ಹೇಳುತ್ತಾರೆ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಗೋವೆಯಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳು ತಿಂಗಳಿಗೊಮ್ಮೆ ರೊಕ್ಕ ಹಾಕಿ ‘ಬಂತಾ?’ ಎಂದಷ್ಟೇ ಕೇಳಿ ಫೋನ್ ಇಡುತ್ತಾರಲ್ಲ, ಅವರಿಗೆ ಈ ಮಾತು ತಲುಪಿಸಿ. ರೊಕ್ಕ ಹಾಕಲಿ, ಬೇಕು. ಅದರ ಜೊತೆಗೆ ಅಪ್ಪನ ಮೊಣಕಾಲು ಹೇಗಿದೆ ಎಂದು ಕೇಳಿ ಉತ್ತರ ಮುಗಿಯುವವರೆಗೆ ಕಾಯಲಿ.

ಆದರೆ ‘ಸಂಬಂಧವೇ ದೊಡ್ಡದು’ ಎಂಬ ಮಾತನ್ನು ನಾವು ಯಾರಿಗೆ ಹೇಳುತ್ತೇವೆ ಎಂಬುದನ್ನು ನೋಡಬೇಕು. ನನ್ನ ಮನಸ್ಸನ್ನು ಹೆಚ್ಚು ಕೊರೆಯುವುದು ಇದು.

ಪಂಚಮಿ ಹತ್ತಿರ ಬಂತು. ನಮ್ಮ ಕಡೆ ಪಂಚಮಿಯೆಂದರೆ ಮಗಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಹೋಗಬೇಕು, ಅವ್ವ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬಬೇಕು, ಬೇವಿನ ಮರಕ್ಕೆ ಜೋಕಾಲಿ ಬೀಳಬೇಕು. ಹೀಗೆ ಹಬ್ಬಕ್ಕೆ ಬಂದ ಅಕ್ಕತಂಗಿಯರನ್ನು ಮರುದಿನ ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋಗುವುದೂ ಕೆಲವು ಮನೆಗಳಲ್ಲಿ ಇದೆ. ಅಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಾರೆ. ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಿಸುತ್ತಾರೆ, ಸಹಿ ಹಾಕಿಸುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರ. ತಂದೆಯ ಹೊಲದಲ್ಲಿ, ಮನೆಯಲ್ಲಿ ನನಗೇನೂ ಬೇಡ ಎಂದು ಬರೆದುಕೊಟ್ಟ ಕಾಗದ. ಹಲವರು ಅದನ್ನು ಓದಿರುವುದಿಲ್ಲ. ಹೊರಗೆ ಬಂದ ಮೇಲೆ ಹೋಟೆಲ್ಲಿನಲ್ಲಿ ಊಟ, ಒಂದು ಸೀರೆ.

ಅವಳು ಯಾಕೆ ಸಹಿ ಹಾಕಿದಳು? ಕೇಳಿ ನೋಡಿ. ‘ಪಾಲು ಕೇಳಿದರ ತವರಿನ ಬಾಗಲಾ ಮುಚ್ಚತೈತಿ’ ಅನ್ನುತ್ತಾಳೆ. ನಾಳೆ ಗಂಡನ ಮನೆಯಲ್ಲಿ ಏನಾದರೂ ಆದರೆ ಬಂದು ನಿಲ್ಲಲು ಒಂದು ಹೊಸ್ತಿಲು ಬೇಕು, ಅದಕ್ಕಾಗಿ ಹೊಲ ಬಿಟ್ಟಳು. ಒಂದೇ ಕಾಗದದ ಮೇಲೆ ತಂಗಿ ಸಂಬಂಧವನ್ನು ಆರಿಸಿಕೊಂಡಳು, ಅಣ್ಣ ಆಸ್ತಿಯನ್ನು ಆರಿಸಿಕೊಂಡ. ರೊಕ್ಕಕ್ಕಿಂತ ನಮ್ಮವರು ದೊಡ್ಡವರು ಎಂಬ ಉಪದೇಶವನ್ನು ನಾವು ಅವಳಿಗೆ ಮಾತ್ರ ಮಾಡಿದ್ದೇವೆ.

ಬಾಲಕ ಬಸವಣ್ಣ ಜನಿವಾರ ಬೇಡವೆಂದದ್ದು ಅಕ್ಕ ನಾಗಮ್ಮನಿಗೆ ಇಲ್ಲದ್ದು ನನಗೇಕೆ ಎಂದು ಕೇಳಿ, ಎಂದು ನಾವೇ ಎದೆಯುಬ್ಬಿಸಿ ಹೇಳುತ್ತೇವೆ. ಆ ಬಸವಣ್ಣನವರ ಭಾವಚಿತ್ರ ತೂಗುಹಾಕಿದ ಮನೆಗಳಲ್ಲಿಯೇ ಅಕ್ಕನಿಗೆ ಪಾಲಿಲ್ಲ. ಕಾನೂನಂತೂ ನಮಗಿಂತ ಮುಂದೆ ಹೋಗಿದೆ. 1994ರಲ್ಲಿಯೇ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿ ದೇಶಕ್ಕೆಲ್ಲ ಅನ್ವಯವಾಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಸ್ಪಷ್ಟಪಡಿಸಿತು.

ಅಣ್ಣಂದಿರ ಮಾತೂ ನನಗೆ ಗೊತ್ತಿದೆ. ಇರುವುದೇ ಎರಡು ಎಕರೆ. ಅಪ್ಪ ಅವ್ವನನ್ನು ನೋಡಿಕೊಂಡವನು ನಾನು. ಅವಳ ಮದುವೆಯ ಸಾಲ ತೀರಿಸಿದವನು ನಾನು. ಇವೆಲ್ಲ ನಿಜವಾದ ಕಷ್ಟಗಳು, ಮಾತಾಡಬೇಕಾದ ಕಷ್ಟಗಳು. ಆದರೆ ಮದುವೆಯಲ್ಲಿ ಕೊಟ್ಟ ವರದಕ್ಷಿಣೆಯನ್ನು ಅವಳ ಪಾಲಿನಲ್ಲಿ ಮುರಿದುಕೊಳ್ಳಬೇಡಿ. ಅದು ಅವಳ ಕೈಗೆ ಬರಲಿಲ್ಲ, ಗಂಡನ ಮನೆಗೆ ಹೋಯಿತು. 1961ರಿಂದ ಅದು ಅಪರಾಧ ಬೇರೆ. ಅವ್ವನನ್ನು ನೋಡಿಕೊಂಡೆ ಎನ್ನುವವರೂ ಒಮ್ಮೆ ಎದೆ ಮುಟ್ಟಿಕೊಳ್ಳಬೇಕು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಮೇಲೆ ಅವ್ವನನ್ನೂ ತಿಂಗಳ ಪಾಳಿಯಲ್ಲಿ ಹಂಚಿಕೊಂಡ ಮನೆಗಳಿವೆ. ಒಂದನೆಯ ತಾರೀಖು ಬಂದರೆ ಆ ಮುದುಕಿ ತನ್ನ ತಾಟು, ಕೌದಿ, ಗುಳಿಗೆಯ ಚೀಲ ಹಿಡಿದು ಅಂಗಳ ದಾಟಿ ಇನ್ನೊಬ್ಬ ಮಗನ ಬಾಗಿಲಿಗೆ ಹೋಗುತ್ತಾಳೆ. ಮೂವತ್ತೊಂದು ದಿನದ ತಿಂಗಳು ನನ್ನ ಪಾಲಿಗೇ ಯಾಕೆ ಬಂತು ಎಂಬ ತಕರಾರನ್ನು ನಾನು ಕಿವಿಯಾರೆ ಕೇಳಿದ್ದೇನೆ. ತಂದೆತಾಯಿಯ ಪೋಷಣೆಗೆ 2007ರಲ್ಲಿ ಕಾಯ್ದೆ ಬಂತು, ಹಿರಿಯರು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ನೋಡಿಕೊಳ್ಳುತ್ತೇವೆಂಬ ಕರಾರಿನ ಮೇಲೆ ಬರೆಸಿಕೊಂಡ ದಾನಪತ್ರ ರದ್ದಾಗಬಹುದು. ಆ ಕಚೇರಿಯವರೆಗೆ ಹೋಗುವ ತಾಯಿ ಎಷ್ಟು ನೊಂದಿರಬೇಕು.

ಲಕ್ಕಮ್ಮ ಸಾಕು ಎಂದದ್ದು ತನ್ನ ಕೈಗೆ ಬಂದ ಅಕ್ಕಿಯನ್ನು ನೋಡಿ, ತನ್ನ ಮನಸ್ಸಿನಿಂದ. ಅವಳ ಪರವಾಗಿ ಬೇರೆ ಯಾರೋ ಸಾಕು ಎನ್ನಲಿಲ್ಲ. ಗಂಟು ಬಿಚ್ಚದೆ ಹೆಬ್ಬೆಟ್ಟು ಒತ್ತಿಸಿಕೊಂಡು, ‘ನಮ್ಮ ತಂಗಿಗೆ ಏನೂ ಬೇಡವಂತೆ’ ಎಂದು ನಾವು ಹೇಳಿಬಿಟ್ಟರೆ ಅದು ತ್ಯಾಗವಾಗುವುದಿಲ್ಲ. ಅವಳೇ ನೋಡಿ, ತಿಳಿದು, ಬೇಡ ಎಂದರೆ ಅದು ಅವಳ ದೊಡ್ಡತನ. ಬೇಕು ಎಂದರೆ ಅದು ಅವಳ ಹಕ್ಕು. ಎರಡರಲ್ಲಿ ಯಾವುದಾದರೂ ತವರಿನ ಬಾಗಿಲು ತೆರೆದೇ ಇರಬೇಕು. ಪಾಲು ಕೇಳಿದ ಮಗಳಿಗೂ ಮುಂದಿನ ವರ್ಷ ಅಣ್ಣ ಕರೆಯಲು ಹೋದರೆ, ಆ ಮನೆಯಲ್ಲಿ ಸಂಬಂಧ ರೊಕ್ಕಕ್ಕಿಂತ ದೊಡ್ಡದು ಎಂದು ನಾನು ನಂಬುತ್ತೇನೆ.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಈ ಪಂಚಮಿಗೆ ಅಕ್ಕತಂಗಿಯರು ಬಂದಾಗ, ಊಟವಾದ ಮೇಲೆ, ಮನೆಯ ಪಹಣಿ ಪತ್ರ, ಬ್ಯಾಂಕಿನ ಪುಸ್ತಕ, ಸಾಲದ ಚೀಟಿ ಎಲ್ಲವನ್ನೂ ಪಡಸಾಲೆಗೆ ತನ್ನಿ. ಅವ್ವನನ್ನು ಕೂರಿಸಿ, ಹೆಂಡತಿಯನ್ನು ಕೂರಿಸಿ, ತಂಗಿಯನ್ನು ಕೂರಿಸಿ. ಓದು ಬರುವ ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಎಷ್ಟಿದೆ, ಎಷ್ಟು ಕೊಡಬೇಕಾಗಿದೆ, ಯಾರಿಗೆ ಏನು ಬೇಕು ಎಂದು ಕೇಳಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನೆ ಕೇಳಿ. ಮರುದಿನ ಅವಳನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋಗುವ ಯೋಚನೆ ಯಾರಿಗಾದರೂ ಇದ್ದರೆ, ದಯವಿಟ್ಟು ಈ ವರ್ಷ ಅದನ್ನು ಕೈಬಿಡಿ.